ಕರೆಯದ ಹೆಸರು

ಚೈತ್ರಳ ಹೊಟ್ಟೆಕಿಚ್ಚಿಗೆ ಕಾರಣ ಹನ್ನೊಂದು ದಿನ. ಹನ್ನೊಂದು ದಿನ ಮೊದಲು ಹುಟ್ಟಿದ ತಪ್ಪಿಗೆ ಹಾಲುಗಲ್ಲದ ಕೂಸಿನ ಮೇಲೆ ಯಾರಾದರೂ ಒಂದೂವರೆ ವರ್ಷ ಹಲ್ಲು ಮಸೆಯುತ್ತಾರಾ ಅಂತ ಕೇಳಬಹುದು. ಮಸೆಯುತ್ತಾರೆ. ಹಾಗೆ ಕೇಳುವವರು ಓರಗಿತ್ತಿಯ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿ ನೋಡಿಲ್ಲ, ಅಷ್ಟೇ.

ಇವರು ಉಲ್ಲಾಳದ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ. ಕೆಳಗೆ ಅತ್ತೆ ಅಕ್ಕಯ್ಯಮ್ಮ, ನಡುವೆ ಹಿರಿಮಗ ವೆಂಕಟೇಶ್ ಮತ್ತು ಅವನ ಹೆಂಡತಿ ಚೈತ್ರ, ಮೇಲೆ ಕಿರಿಮಗ ಸಂಪತ್ ಮತ್ತು ಅವನ ಹೆಂಡತಿ ಕುಸುಮಾ. ಅಡುಗೆ, ಊಟ, ಜಗಳ ಎಲ್ಲ ಕೆಳಗಿನ ಮನೆಯಲ್ಲೇ.

ಚೈತ್ರಳಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಾಗಿರಲಿಲ್ಲ. ಆ ಎಂಟು ವರ್ಷ ನೆಂಟರಿಷ್ಟರ ಬಾಯಿ ಮುಚ್ಚಿಸಿದವರು ಮಾವ ಅಂಜಿನಯ್ಯ. ಮಾತು ಕಮ್ಮಿಯ ಮನುಷ್ಯ. ಆದರೆ ಸೊಸೆಯ ವಿಷಯಕ್ಕೆ ಯಾರಾದರೂ ಬಂದರೆ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದರು. "ನಿಂಗೆ ಮಗ ಹುಟ್ಟಿದ್ರೆ ನನ್ನ ಹೆಸರೇ ಇಡಮ್ಮ," ಅಂತ ಒಂದು ಸಲ ಅಂದಿದ್ದರು. ಅವರು ತೀರಿಕೊಂಡ ವರ್ಷವೇ ಚೈತ್ರ ಬಸುರಿಯಾದಳು. ಆದರೆ ಮದುವೆಯಾಗಿ ಆರು ತಿಂಗಳೂ ತುಂಬದ ಕುಸುಮಾಳೂ ಆಗಬೇಕೇ! ಮೊದಲು ಹುಟ್ಟುವ ಗಂಡು ಕೂಸಿಗೆ ತಾತನ ಹೆಸರು ಅಂತ ಅಕ್ಕಯ್ಯಮ್ಮ ತೀರ್ಮಾನ ಕೊಟ್ಟರು. ಡಾಕ್ಟರು ಹೇಳಿದ ತಾರೀಖಿನ ಪ್ರಕಾರ ಚೈತ್ರಳದ್ದೇ ಮೊದಲು. ತಾರೀಖು ಬಂದು ಹೋಯಿತು, ಇವಳಿಗೆ ನೋವು ಬರಲಿಲ್ಲ. ಕುಸುಮಾಳಿಗೆ ಅದಕ್ಕೂ ಮುಂಚೆಯೇ ಬಂದು, ಆಗಿಯೂ ಹೋಗಿತ್ತು. ಅವಳ ಮಗ ಅಂಜಿನಯ್ಯನಾದ. ಚೈತ್ರಳ ಮಗನಿಗೆ ಜೋಯಿಸರು ಕೊಟ್ಟ ಅಕ್ಷರದಲ್ಲಿ ಯಶ್ವಂತ್ ಅಂತ ಇಟ್ಟರು. ಆ ದಿನ ಚೈತ್ರ ಹೊಟ್ಟೆನೋವು ಅಂತ ಹೇಳಿ ಪಾಯಸ ಮುಟ್ಟಲಿಲ್ಲ.

ಹೋಗಲಿ, ಇಟ್ಟ ಹೆಸರನ್ನು ಆ ಮನೆಯಲ್ಲಿ ಯಾರಾದರೂ ಕರೆದರಾ? ಅದೂ ಇಲ್ಲ! ಅಕ್ಕಯ್ಯಮ್ಮ ಮದುವೆಯಾದ ನಲವತ್ತೆಂಟು ವರ್ಷದಲ್ಲಿ ಒಂದು ಸಲವೂ ಗಂಡನ ಹೆಸರು ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕೈಯಲ್ಲಿ ಹೇಳಿಸುತ್ತಿದ್ದರು. ಆಂಜನೇಯನ ಗುಡಿ ಅನ್ನುವುದಕ್ಕೂ ನಾಲಿಗೆ ಏಳದೆ ಹನುಮಪ್ಪನ ಗುಡಿ ಅನ್ನುತ್ತಿದ್ದರು. ಮೊಮ್ಮಗನನ್ನು ಕರೆಯುವುದು "ಯಜಮಾನ್ರೇ" ಅಂತ. ಹೆತ್ತಪ್ಪನ ಹೆಸರು ಹಿಡಿದು ಕರೆಯುವುದು ಹೇಗೆ ಅಂತ ಸಂಪತ್ "ಅಪ್ಪಾಜಿ" ಅನ್ನುತ್ತಿದ್ದ. ಮಾವನ ಹೆಸರನ್ನು ಸೊಸೆ ಹೇಳಬಾರದಲ್ಲ, ಕುಸುಮಾ "ಗುಂಡ" ಅನ್ನುತ್ತಿದ್ದಳು. ಬಂಗಾರದಂಥ ಹೆಸರನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಹಾಗಿರುವಾಗ ಚೈತ್ರ ಅದನ್ನು ಕದ್ದಳು. ನಡುಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮಗನಿಗೆ ಹಾಲೂಡಿಸುತ್ತಾ, "ಅಂಜಿನಯ್ಯಾ, ನನ್ನಪ್ಪಾ, ಅಂಜಿನಯ್ಯಾ" ಅಂತ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಒಂದು ದಿನ, ಎರಡು ದಿನ, ಆಮೇಲೆ ದಿನವೂ. ವರ್ಷ ತುಂಬುವ ಹೊತ್ತಿಗೆ ಯಶು ಆ ಹೆಸರಿಗೆ ತಿರುಗಿ "ಆಂ" ಅನ್ನುವಂತಾಗಿದ್ದ. ಗಂಡನಿಗೂ ಗೊತ್ತಿರಲಿಲ್ಲ. ಕೆಳಗೆ ಯಾರೂ ಆ ಹೆಸರು ಎತ್ತದ ಮೇಲೆ ಸಿಕ್ಕಿಬೀಳುವ ಭಯವೂ ಇರಲಿಲ್ಲ.

ಹೆಸರೊಂದೇ ಆಗಿದ್ದರೆ ಹೊಟ್ಟೆಯುರಿ ಆರುತ್ತಿತ್ತೇನೋ. ಆ ಮಗು ಅಳುತ್ತಲೂ ಇರಲಿಲ್ಲ! ಯಶು ತಾಯಿಯ ನೈಟಿ ಹಿಡಿದು ಬಚ್ಚಲ ಬಾಗಿಲವರೆಗೂ ಬಂದು ರಂಪ ಮಾಡುತ್ತಿದ್ದರೆ, ಆ ಅಂಜಿನಯ್ಯ ಮೂಲೆಯಲ್ಲಿ ಆಟದ ಕಾರನ್ನು ಬೋರಲು ಹಾಕಿ, ಚಕ್ರ ತಿರುಗಿಸುತ್ತಾ ಒಂದು ಗಂಟೆ ಕೂತಿರುತ್ತಿದ್ದ. ಕುಸುಮಾ ಮಧ್ಯಾಹ್ನ ನಿದ್ದೆ ತೆಗೆದು, ತಲೆಗೆ ಸ್ನಾನ ಮಾಡಿ, ಉಗುರಿಗೆ ಬಣ್ಣ ಹಚ್ಚಿಕೊಂಡು ಕೆಳಗಿಳಿಯುತ್ತಿದ್ದಳು. ಚೈತ್ರ ತಲೆ ಬಾಚಿ ಎರಡು ದಿನವಾಗಿರುತ್ತಿತ್ತು.

"ಪುಣ್ಯವಂತೆ ಕಣವ್ವ ನೀನು," ಅಂತ ಅಕ್ಕಯ್ಯಮ್ಮ ಕಿರಿಸೊಸೆಗೆ ಅನ್ನುವರು. "ಕೂಸು ಥೇಟ್ ನಮ್ಮೆಜಮಾನ್ರೇ. ಅವ್ರೂ ಇಂಗೇಯ, ಕೂತಲ್ಲಿ ಕೂತಿರೋರು, ಒಂದು ಮಾತಿಲ್ಲ ಕತೆಯಿಲ್ಲ."

ಚೈತ್ರಳ ಎದೆಗೆ ಕೊಳ್ಳಿ ಇಟ್ಟ ಹಾಗಾಗುತ್ತಿತ್ತು. ಅದಕ್ಕೇ ಅವಳು ಆ ಮಗುವಿನಲ್ಲಿ ಐಬು ಹುಡುಕತೊಡಗಿದಳು. ಹುಡುಕುವವರಿಗೆ ಸಿಗದೆ ಇರುತ್ತದೆಯೇ? ಆಕಾಶದಲ್ಲಿ ವಿಮಾನ ಹೋದರೆ ಯಶು ಬೆರಳು ತೋರಿಸಿ, ನೀನೂ ನೋಡು ಅನ್ನುವ ಹಾಗೆ ತಾಯಿಯ ಮುಖ ನೋಡುತ್ತಿದ್ದ. ಕುಸುಮಾಳ ಮಗ ಬೆರಳು ತೋರಿಸುವುದೇ ಇಲ್ಲ. ಮುಖ ಕೊಟ್ಟು ನೋಡುವುದಿಲ್ಲ. ಯಜಮಾನ್ರೇ ಅಂದರೂ ಇಲ್ಲ, ಅಪ್ಪಾಜಿ ಅಂದರೂ ಇಲ್ಲ, ಗುಂಡ ಅಂದರೂ ಇಲ್ಲ. ಕಿವಿ ಕೇಳಿಸುವುದಿಲ್ಲ ಅಂತೇನಲ್ಲ, ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ನಡುಮನೆಯಿಂದ ಎದ್ದು ಬರುತ್ತಿದ್ದ. ವರ್ಷ ತುಂಬಿದಾಗ "ಅಮ್ಮ", "ಹಾಲು" ಅನ್ನುತ್ತಿದ್ದವನು ಈಗ ಅದನ್ನೂ ಬಿಟ್ಟಿದ್ದ. ಒಂದೊಂದು ಕಂಡಾಗಲೂ ಚೈತ್ರಳಿಗೆ ಒಳಗೊಳಗೇ ಖುಷಿ. ನನ್ನ ಮಗನೇ ಮುಂದು ಅಂತ ಅವತ್ತು ಒಂದು ಚಪಾತಿ ಜಾಸ್ತಿ ತಿನ್ನುತ್ತಿದ್ದಳು.

ಜನವರಿಯಲ್ಲಿ ಇಬ್ಬರು ಮಕ್ಕಳಿಗೂ ಒಂದೂವರೆ ವರ್ಷದ ಇಂಜೆಕ್ಷನ್ ಬಂತು. ವಿಜಯನಗರದ ಮಕ್ಕಳ ಕ್ಲಿನಿಕ್ಕಿಗೆ ಓರಗಿತ್ತಿಯರು ಒಂದೇ ಆಟೋದಲ್ಲಿ ಹೋದರು. ಸಿಸ್ಟರ್ ಫೈಲು ನೋಡಿ ಜೋರಾಗಿ ಕರೆದಳು.

"ಅಂಜಿನಯ್ಯ! ಉಲ್ಲಾಳ!"

ಚೈತ್ರಳ ತೊಡೆಯ ಮೇಲಿದ್ದ ಯಶು ಸರಕ್ಕನೆ ಕೆಳಗಿಳಿದು "ಆಂ!" ಅಂತ ಪುಟುಪುಟು ಓಡಿ ಮೇಜಿನ ಮುಂದೆ ನಿಂತ.

"ಬಾಪ್ಪ ಅಂಜಿನಯ್ಯ, ಎಷ್ಟು ಜಾಣ ನೀನು," ಅಂದಳು ಸಿಸ್ಟರ್.

"ಅಯ್ಯೋ, ಅವನಲ್ಲ ಸಿಸ್ಟರ್, ಇವನು!" ಕುಸುಮಾ ನಕ್ಕಳು. "ಅವನು ಯಾರನ್ನ ಕರೆದ್ರೂ ಓಡ್ತಾನೆ." ನಿಜವಾದ ಅಂಜಿನಯ್ಯ ಕುರ್ಚಿಯ ಕೆಳಗೆ ಕೂತು ಯಾರದೋ ಚಪ್ಪಲಿಯ ಬಕಲನ್ನು ಹಿಂದೆ ಮುಂದೆ ಆಡಿಸುತ್ತಿದ್ದ. ಚೈತ್ರ ಯಶುವನ್ನು ಎಳೆದು ತಂದು ತೊಡೆಯ ಮೇಲೆ ಕೂರಿಸಿಕೊಂಡಳು.

ಸಿಸ್ಟರ್ ಒಂದು ಫಾರಂ ತೆಗೆದು ಪ್ರಶ್ನೆ ಕೇಳತೊಡಗಿದಳು.

"ಹೆಸರು ಕರೆದ್ರೆ ತಿರುಗ್ತಾನಾ?"

"ಅದು ನಮ್ಮ ಮಾವನ ಹೆಸರು ಸಿಸ್ಟರ್, ಮನೇಲಿ ಯಾರೂ ಹೆಸರು ಹಿಡಿದು ಕರೆಯಲ್ಲ. ಒಬ್ಬೊಬ್ರು ಒಂದೊಂದು ಕರೀತೀವಿ. ಪಾಪ, ಅವನಿಗೆ ಹೇಗೆ ಗೊತ್ತಾಗ್ಬೇಕು?"

"ಮನೇಲಿ ಕರೆಯೋ ಹೆಸರಿಗೆ ತಿರುಗ್ತಾನಲ್ವಾ?"

"ಓ, ತಿರುಗ್ತಾನೆ." ಸಿಸ್ಟರ್ ಹೌದು ಅಂತ ಟಿಕ್ ಹಾಕಿದಳು.

"ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಾನಾ?"

"ಕೈ ಹಿಡ್ಕೊಂಡು ಅಲ್ಲಿಗೇ ಕರ್ಕೊಂಡು ಹೋಗ್ತಾನೆ!" ಅದಕ್ಕೂ ಟಿಕ್. ಕುಸುಮಾ ಬೇಕಂತ ಸುಳ್ಳು ಹೇಳುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಗನಿಗೆ ನಂಬರು ಕಮ್ಮಿಯಾಗಬಾರದು ಅಂತ ಯಾವ ತಾಯಿಗಿರುವುದಿಲ್ಲ?

"ಇದೆಲ್ಲ ಯಾಕೆ ಕೇಳ್ತೀರಾ ಸಿಸ್ಟರ್?" ಅಂತ ಚೈತ್ರಳೇ ಬಾಯಿಬಿಟ್ಟಳು.

"ಆಟಿಸಂ ಏನಾದ್ರೂ ಇದ್ಯಾ ಅಂತ ಮೊದಲೇ ಗೊತ್ತಾಗ್ಲಿ ಅಂತ ಆಂಟಿ. ಈ ಫಾರಂನಲ್ಲಿ ಅನುಮಾನ ಬಂದ್ರೆ ಡಾಕ್ಟ್ರು ಸರಿಯಾಗಿ ಟೆಸ್ಟ್ ಮಾಡ್ತಾರೆ. ಇಷ್ಟು ಚಿಕ್ಕದ್ರಲ್ಲೇ ಗೊತ್ತಾದ್ರೆ ಮಾತು, ಆಟ ಎಲ್ಲ ಹೇಳಿಕೊಡೋಕೆ ಶುರು ಮಾಡ್ಬೋದು. ಎಷ್ಟೋ ಜನ ಸ್ಕೂಲಿಗೆ ಸೇರ್ಸೋ ಟೈಮಲ್ಲಿ ಬಂದು, ಮುಂಚೆನೇ ಬರ್ಬೇಕಿತ್ತು ಅಂತ ಅಳ್ತಾರೆ."

ಚೈತ್ರಳಿಗೆ ತಾನು ಕಂಡದ್ದೆಲ್ಲ ಒಂದೊಂದಾಗಿ ನೆನಪಾಯಿತು. ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ಕುಸುಮಾ ಏನಂದುಕೊಳ್ಳುತ್ತಾಳೆ? ಯಶು ಯಾಕೆ ಓಡಿದ ಅನ್ನುವುದೂ ಹೊರಬರುತ್ತದೆ. ಅದರ ಜೊತೆಗೆ, ಮುಚ್ಚಿಡುವುದೇಕೆ, ಅವಳ ಮನಸ್ಸಿನ ಒಂದು ಮೂಲೆ ಚಪ್ಪಾಳೆಯನ್ನೂ ತಟ್ಟಿತು. ನನ್ನ ಮಗನ ಹೆಸರು ಕಿತ್ತುಕೊಂಡಿರಲ್ಲ, ಆಗಲಿ, ಅನುಭವಿಸಿ ಅಂದಿತು. ಮರುಕ್ಷಣವೇ ಅವಳು ಅಲ್ಲೇ ಗಲ್ಲ ಗಲ್ಲ ಬಡಿದುಕೊಂಡಳು. ಆದರೆ ಬಾಯಿ ಬಿಡಲಿಲ್ಲ. ಫಾರಂ ಫೈಲಿನೊಳಗೆ ಹೋಯಿತು, ಎರಡು ವರ್ಷ ತುಂಬಿದ ಮೇಲೆ ಬನ್ನಿ ಅಂದರು.

ನಾಲ್ಕು ದಿನ ಚೈತ್ರಳಿಗೆ ಅನ್ನ ಸೇರಲಿಲ್ಲ. ಐದನೆಯ ದಿನ ಬೆಳಗ್ಗೆ ಅವಳು ಕೆಳಗೆ ಒಬ್ಬಳೇ ಪಾತ್ರೆ ಒರೆಸುತ್ತಿದ್ದಾಗ ಅಂಜಿನಯ್ಯ ಬಂದ. ಅವಳ ಮುಖ ನೋಡಲಿಲ್ಲ. ಮಣಿಕಟ್ಟು ಹಿಡಿದು, ಸೌಟು ಎತ್ತಿಕೊಂಡ ಹಾಗೆ ಅವಳ ಕೈಯನ್ನೆತ್ತಿ ಬಿಸ್ಕತ್ತಿನ ಡಬ್ಬಿಯ ಮೇಲಿಟ್ಟ. ಅಲ್ಲಿದ್ದದ್ದು ದೊಡ್ಡಮ್ಮನೋ ಬೇರೆ ಯಾರೋ ಅವನಿಗೆ ಬೇಕಿರಲಿಲ್ಲ. ಆ ಪುಟ್ಟ ಕೈ ಮಾತ್ರ ಬೆಚ್ಚಗಿತ್ತು. ಒಂದೂವರೆ ವರ್ಷದಲ್ಲಿ ಅವಳು ಆ ಕೂಸನ್ನು ಬೇಕಂತ ಒಂದು ಸಲವೂ ಎತ್ತಿಕೊಂಡಿರಲಿಲ್ಲ. ಡಬ್ಬಿ ತೆಗೆದುಕೊಟ್ಟು ಅಲ್ಲೇ ಕುಸಿದು ಕೂತು ಅತ್ತಳು.

ಹನ್ನೊಂದು ಗಂಟೆಗೆ ಮೂವರೂ ಹೆಂಗಸರು ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಯಶು ಸಿಪ್ಪೆ ಎರಚುತ್ತಿದ್ದ. ಅಂಜಿನಯ್ಯ ಕಾಳನ್ನು ಒಂದರ ಹಿಂದೆ ಒಂದು ನೆಲದ ಮೇಲೆ ಸಾಲಾಗಿ ಇಡುತ್ತಿದ್ದ.

"ನೋಡ್ರವ್ವ, ಎಂಗೆ ಜೋಡಿಸ್ತದೆ ಕೂಸು," ಅಂದರು ಅಕ್ಕಯ್ಯಮ್ಮ. "ಯಜಮಾನ್ರೇ, ಇತ್ಲಾಗೆ ನೋಡಿ."

ಅವನು ನೋಡಲಿಲ್ಲ.

"ಕುಸುಮಾ," ಅಂದಳು ಚೈತ್ರ, "ಇವನನ್ನ ಇನ್ನೊಂದು ಸಲ ಡಾಕ್ಟ್ರಿಗೆ ತೋರಿಸ್ಬೇಕು ಕಣೇ. ಫಾರಂನಲ್ಲಿ ನೀನು ಹೇಳಿದ್ದು ಸರಿಯಿಲ್ಲ. ಅವನು ಯಾವ ಹೆಸರಿಗೂ ತಿರುಗಲ್ಲ."

ಕುಸುಮಾಳ ಕೈ ನಿಂತಿತು. "ಅಕ್ಕಾ, ನನ್ನ ಮಗುನ ಕಂಡ್ರೆ ನಿಮ್ಗೆ ಆಗಲ್ಲ ಅಂತ ನಂಗೆ ಗೊತ್ತಿಲ್ವಾ? ಹುಟ್ಟಿದ ದಿನದಿಂದ ನೋಡ್ತಾ ಇದೀನಿ. ಈಗ ಕಾಯಿಲೆ ಬೇರೆ ಅಂಟಿಸ್ತೀರಾ?"

"ನಿನ್ನ ಕಣ್ಣು ಬಿದ್ದೇ ಏನಾರಾ ಆಗಬೇಕು ಆ ಕೂಸಿಗೆ!" ಅಕ್ಕಯ್ಯಮ್ಮನೂ ಸಿಡಿದರು. "ಬಾಯಿ ತೊಳ್ಕೋ ಓಗು."

"ಹೌದು ಅತ್ತೆ, ನನಗೆ ಹೊಟ್ಟೆಕಿಚ್ಚೇ," ಅಂದಳು ಚೈತ್ರ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. "ನಿಮ್ಗೆಲ್ಲ ಅವನು ಮುದ್ದು, ಅದಕ್ಕೇ ನಿಮ್ಗೆ ಏನೂ ಕಾಣ್ಲಿಲ್ಲ. ನಂಗೆ ಅವನು ಕಣ್ಣುರಿ. ಏನು ಐಬು ಇದೆ ಅಂತ ಒಂದೂವರೆ ವರ್ಷ ಕಣ್ಣು ಕೀಳದೆ ನೋಡಿದೀನಿ. ನೋಡಿ ಖುಷಿನೂ ಪಟ್ಟಿದೀನಿ. ನನಗೆ ಏನು ಬೇಕಾದ್ರೂ ಅನ್ನಿ. ಆದ್ರೆ ತೋರಿಸಿ."

"ಹೆಸರೇ ಕರೆಯಲ್ಲ ಅಂದ್ಮೇಲೆ ಹೇಗೆ ತಿರುಗ್ತಾನೆ ಅಕ್ಕ?" ಅಂದಳು ಕುಸುಮಾ.

"ಯಶುಗೂ ಆ ಹೆಸರು ಯಾರೂ ಇಟ್ಟಿಲ್ಲ. ನಾನು ಬಾಗ್ಲು ಹಾಕ್ಕೊಂಡು ಕದ್ದು ಕರೀತಾ ಇದ್ದೆ. ದಿನಾ ಒಂದು ಗಳಿಗೆ, ಅಷ್ಟೇ. ಅಷ್ಟಕ್ಕೇ ಕಲ್ತ. ಕ್ಲಿನಿಕ್ಕಲ್ಲಿ ಅವನು ಎದ್ದು ಓಡಿದ್ದು ಅದಕ್ಕೇ. ಗುಂಡ ಗುಂಡ ಅಂತ ನೀನು ದಿನಕ್ಕೆ ನೂರು ಸಲ ಕರೀತೀಯಲ್ಲ, ಒಂದು ಸಲ ತಿರುಗಿದ್ದಾನಾ, ನೀನೇ ಹೇಳು."

ಅಕ್ಕಯ್ಯಮ್ಮ ಹಿರಿಸೊಸೆಯನ್ನು ನೋಡಿದರು, ಸಾಲಾಗಿ ಬಿದ್ದಿದ್ದ ಅವರೆಕಾಳನ್ನು ನೋಡಿದರು. ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು, ತಲೆಯ ಮೇಲೆ ಸೆರಗು ಹೊದ್ದರು. ಆಮೇಲೆ ಮಗುವಿನ ಬೆನ್ನ ಹಿಂದೆ ಹೋಗಿ ಮೊಣಕಾಲೂರಿ ಕೂತರು.

"ಅಂಜಿನಯ್ಯ," ಅಂದರು.

ನಲವತ್ತೆಂಟು ವರ್ಷದಲ್ಲಿ ಮೊದಲನೇ ಸಲ. ಹೇಳಿ ಅಭ್ಯಾಸವಿಲ್ಲದ ಬಾಯಿಗೆ ಅಕ್ಷರ ತೊಡರಿದವು. ಮಗು ಇನ್ನೊಂದು ಕಾಳು ಇಟ್ಟಿತು.

"ಅಂಜಿನಯ್ಯ!" ಈ ಸಲ ಜೋರಾಗಿ. ಜಗುಲಿಯ ಆ ತುದಿಯಿಂದ ಯಶು "ಆಂ!" ಅಂತ ಓಡಿ ಬಂದು ಅಜ್ಜಿಯ ಕೊರಳಿಗೆ ಜೋತುಬಿದ್ದ.

"ನೀನಲ್ಲ ಕಣೋ ಮಗಾ," ಅಂದರು ಅಕ್ಕಯ್ಯಮ್ಮ. ಅವನನ್ನು ತಬ್ಬಿಕೊಂಡೇ ಮೂರನೆಯ ಸಲ ಕರೆದರು. "ಅಂಜಿನಯ್ಯನೋರೇ, ಒಂದು ಕಿತ ತಿರುಗಿ ನೋಡಿ." ಕೂಸನ್ನು ಕರೆದರೋ, ಹೋದವರನ್ನು ಕರೆದರೋ, ಆ ದನಿ ಕೇಳಲಾಗುತ್ತಿರಲಿಲ್ಲ. ಮಗು ಮುಂದಿನ ಕಾಳಿಗೆ ಕೈ ಚಾಚಿತು.

ಕುಸುಮಾ ಅಳಲಿಲ್ಲ. ಅತ್ತೆಯ ಕೊರಳಿಗೆ ಜೋತುಬಿದ್ದು ನಗುತ್ತಿದ್ದ ಯಶುವನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯದ ಆ ನೋಟ ಚೈತ್ರಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೂವರೆ ವರ್ಷ ಅವಳೇ ಹಾಗೆ ನೋಡಿದ್ದಳು. ಮಗನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬೇಕು ಅನಿಸಿತು, ನಾಚಿಕೆಯಾಗಿ ಸುಮ್ಮನಾದಳು.

"ಏಳವ್ವ," ಅಂದರು ಅಕ್ಕಯ್ಯಮ್ಮ ಕುಸುಮಾಳಿಗೆ. "ಓಗಿ ಡಾಕ್ಟ್ರಿಗೆ ಇರೋದು ಇದ್ದಂಗೆ ಏಳ್ಬಾ."

"ಇವ್ರೂ ಬರ್ಲಿ," ಅಂದಳು ಕುಸುಮಾ, ಚೈತ್ರಳ ಮುಖ ನೋಡದೆ. "ನನ್ನ ಮಗನ್ನ ಸರಿಯಾಗಿ ನೋಡಿರೋರು ಇವ್ರೊಬ್ರೇ ಅಲ್ವಾ. ಫಾರಂ ಇವ್ರೇ ತುಂಬಿಸ್ಲಿ." ಅದರಲ್ಲಿ ವಿಷವಿತ್ತು. ಚೈತ್ರ ಅದನ್ನು ನುಂಗಿಕೊಂಡು ಚಪ್ಪಲಿ ಮೆಟ್ಟಿದಳು. ತಾಯಿ ಹೊರಟದ್ದು ಕಂಡು ಯಶು ರಂಪ ತೆಗೆದ. ಅವನನ್ನೂ ಎತ್ತಿಕೊಳ್ಳಬೇಕಾಯಿತು.

ಆಟೋ ಯೂನಿವರ್ಸಿಟಿ ಕಡೆಯ ಬಸ್ಸುಗಳ ಹಿಂದೆ ನಿಂತು ನಿಂತು ಹೋಗುತ್ತಿತ್ತು. ನಾಗರಬಾವಿ ದಾಟಿದ ಮೇಲೆ ಕುಸುಮಾ ತೊಡೆಯ ಮೇಲಿದ್ದ ಮಗನ ಕಿವಿಗೆ ಬಾಯಿಟ್ಟು, ಹುಟ್ಟಿದಾಗಿನಿಂದ ಮೊದಲನೇ ಸಲ, ಅವನ ಹೆಸರು ಕರೆದಳು. ಅವನು ಹೊರಗೆ ತಿರುಗುವ ಚಕ್ರಗಳನ್ನು ನೋಡುತ್ತಿದ್ದ. ಅವಳು ಮತ್ತೆ ಕರೆದಳು. ಮತ್ತೆ ಮತ್ತೆ ಕರೆದಳು.

ಚೈತ್ರ ತನ್ನ ಮಗನ ತಲೆಯನ್ನು ಎದೆಗೊತ್ತಿಕೊಂಡು, ಅವನ ಎರಡೂ ಕಿವಿಗಳನ್ನು ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿದಳು.