ಗೋಣಿಮರದಡಿಯ ಹೆಸರುಗಳು

“ಏಯ್, ಎದ್ದೇಳಮ್ಮಿ! ಮರಕ್ಕೆ ಅಂಗೆ ಅಂಟ್ಕೊಂಡು ಕುಂತ್ರೆ ಅಳ್ಯೋ ಟೇಪ್ನ ನಿನ್ ಸೊಂಟಕ್ಕೆ ಸುತ್ತಾದಾ?”

ಷಣ್ಮುಖಪ್ಪನ ಈ ಮಾತಿಗೆ ಅವನ ಜೊತೆಗೆ ಬಂದವರು ನಕ್ಕರು. ಮಲ್ಲಾಜಮ್ಮ ಏಳಲಿಲ್ಲ. ಬೆಳಗಿನಿಂದ ಅವನದೇ ಹೊಲದಲ್ಲಿ ಹೊಗೆಸೊಪ್ಪು ಮುರಿದು ಬಂದಿದ್ದಳು. ಅಂಗೈ ತುಂಬ ಕಪ್ಪು ಅಂಟು.

ಹನಗೋಡಿನ ಕಡೆಯ ರಸ್ತೆ ಅಗಲವಾಗುವುದಿತ್ತು. ಮೊದಲ ನಕ್ಷೆಯಲ್ಲಿ ಅದು ಷಣ್ಮುಖಪ್ಪನ ಮನೆದೇವರ ಗುಡಿಯ ಮೇಲೆ ಹಾದಿತ್ತು. ಭಕ್ತರ ಮನಸ್ಸಿಗೆ ನೋವಾಗುತ್ತದೆಂದು ಅರ್ಜಿ ಹೋಯಿತು, ರಸ್ತೆ ಬಾಗಿತು. ಬಾಗಿ ಬಂದದ್ದು ಮಲ್ಲಾಜಮ್ಮನ ಕೇರಿಯ ಹಿಂದಿನ ಈ ಗೋಣಿಮರದ ಮೇಲೆ.

“ಮರ ಒಂದು, ಸೌದೆಗೆ. ಉಳಿದ ಜಾಗ ಖಾಲಿ,” ಎಂದು ಅಳತೆಗೆ ಬಂದಿದ್ದ ಎಂಜಿನಿಯರು ಬರೆದುಕೊಂಡರು.

“ಖಾಲಿ ಅಲ್ಲ ಸ್ವಾಮಿ. ನಮ್ ಕೂಸ್ಗೊಳು ಮಲ್ಗವೆ,” ಎಂದಳು ಮಲ್ಲಾಜಮ್ಮ.

“ಸಮಾಧಿಯೇ? ಒಂದು ಕಲ್ಲೂ ಇಲ್ಲವಲ್ಲಮ್ಮ.”

“ಕಲ್ಲಿಕ್ಕಾಕಿಲ್ಲ ಸ್ವಾಮಿ. ಕೂಸಿನ ಎದೆ ಮ್ಯಾಲೆ ಭಾರ ಆಯ್ತದೆ.”

“ಈ ಬೋಳಿಮಕ್ಳು ನಾಳೆ ನಿಮ್ ಜೀಪ್ ಕೆಳ್ಗೂ ಎಣ ಅದೆ ಅಂತಾರೆ, ಬರ್ಕೊಳಿ ಸಾಯೇಬ್ರೆ,” ಎಂದ ಷಣ್ಮುಖಪ್ಪ.

ಎಂಜಿನಿಯರು ಕೆಟ್ಟವರೇನಲ್ಲ. ಕಾಗದವನ್ನು ಅವಳತ್ತ ತಿರುಗಿಸಿದರು. “ಈ ಪಟ್ಟಿಯಲ್ಲಿ ಗುಡಿ ಅಂತ ಇದೆ, ಬಾವಿ ಅಂತ ಇದೆ, ಸಮಾಧಿ ಅಂತಲೂ ಇದೆ. ಗುರುತಿಲ್ಲದಿದ್ದರೆ ಹೆಸರಾದರೂ ಬೇಕು. ಹೇಳಿ, ಬರೆಯುತ್ತೇನೆ.”

ಹಿಂದೆ ನಿಂತಿದ್ದ ಕೇರಿಯ ಹೆಂಗಸರು ತಲೆ ತಗ್ಗಿಸಿದರು. ಹಲ್ಲು ಮೂಡುವ ಮೊದಲೇ ಹೋದ ಕೂಸನ್ನು ಈ ಬೇರುಗಳ ನಡುವೆ ಇಟ್ಟು ಅಂಗೈಯಲ್ಲಿ ಮಣ್ಣು ಸವರಿ, ಮೂರು ದಿನ ಎದೆಹಾಲನ್ನು ಬೇರಿಗೆ ಹಿಂಡಿದ ಮೇಲೆ, ಆ ಹೆಸರನ್ನು ಕೇರಿಯಲ್ಲಿ ಯಾರೂ ಆಡುವುದಿಲ್ಲ. ಆಡಿದರೆ, ಅವ್ವ ಕರೆದಳೆಂದು ಕೂಸು ಎದ್ದುಬಿಡುತ್ತದೆ. ಎರಡು ಕೂಸು ಕಳೆದುಕೊಂಡ ಚೆಲುವಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ನೋಡುದ್ರಾ, ಒಂದೆಸ್ರೂ ಇಲ್ಲ!” ಎಂದ ಷಣ್ಮುಖಪ್ಪ.

ರಸ್ತೆಯ ಗುರುತಿಗೆ ಗೂಟ ಹೊಡೆಯಬೇಕಾದವನು ಇಲಾಖೆಯ ನೌಕರ ಕೃಷ್ಣಕುಮಾರ್. ಅವನು ಯಾರೂ ಹೇಳದೆಯೇ ಚಪ್ಪಲಿಯನ್ನು ದೂರದಲ್ಲಿ ಬಿಟ್ಟು ಬಂದಿದ್ದ. ಮಲ್ಲಾಜಮ್ಮನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ:

“ಎಲ್ಲಿ ಹೊಡೀಲವ್ವಾ?”

ಅವಳು ಅತ್ತಿತ್ತ ನೋಡಿದಳು. “ಎಲ್ಲಿ ಅಂತ ಹೇಳ್ಲಪ್ಪಾ… ಎಲ್ಲಾ ಕಡೇನೂ ಅವೆ.”

ಅವನು ಸುತ್ತಿಗೆಯನ್ನು ಕೆಳಗಿಟ್ಟುಬಿಟ್ಟ.

“ಥೂ ನಿನ್ನ, ಸರ್ಕಾರದ ಸಂಬ್ಳ ತಿಂದು ಹೆಂಗಸ್ರಂಗಾಡ್ತೀಯಲ್ಲೋ!” ಷಣ್ಮುಖಪ್ಪ ಸುತ್ತಿಗೆ ಎತ್ತಿಕೊಂಡು ಎರಡು ಬೇರುಗಳ ಸಂದಿಗೆ ಗೂಟವಿಟ್ಟ. ಒಂದು ಏಟು. ಇನ್ನೊಂದು.

“ಪುಟ್ನಿಂಗೀ!”

ಮೂವತ್ತೊಂದು ವರ್ಷ ಕನಸಿನಲ್ಲೂ ಆಡದ ಹೆಸರು. ಮಲ್ಲಾಜಮ್ಮ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದಳು.

“ಬರ್ಕೊಳಿ ಸ್ವಾಮಿ. ಪುಟ್ನಿಂಗಿ. ಮಲ್ಲಾಜಮ್ಮನ ಮಗ್ಳು. ಐದು ತಿಂಗ್ಳು.”

ಚೆಲುವಮ್ಮನ ಬಾಯಿಂದ ಸೆರಗು ಜಾರಿತು. “ನಂದು ಮಾದೇವ. ಆಮ್ಯಾಕೆ… ಆಮ್ಯಾಕೆ ಚಿಕ್ತಾಯಿ.”

ಇನ್ನೊಬ್ಬಳು ಹೇಳಿದಳು. ಮತ್ತೊಬ್ಬಳು ಸತ್ತುಹೋದ ಅತ್ತೆಯ ಕೂಸಿನ ಹೆಸರು ಹೇಳಿದಳು. ಎಂಜಿನಿಯರ ಕಾಗದದಲ್ಲಿ ಜಾಗ ಮುಗಿದು ಅಂಚಿಗೆ ಬಂತು. “ಸಾಕಮ್ಮ, ಇಷ್ಟು ಸಾಕು,” ಎಂದರು. ಹೆಂಗಸರು ನಿಲ್ಲಿಸಲಿಲ್ಲ. ಷಣ್ಮುಖಪ್ಪ ಸುತ್ತಿಗೆ ಬಿಸಾಡಿ ಜೀಪಿನ ಕಡೆ ನಡೆದ.

“ಮೇಲಿನವರು ತೀರ್ಮಾನ ಮಾಡುತ್ತಾರೆ,” ಎಂದು ಹೇಳಿ ಎಂಜಿನಿಯರೂ ಹೊರಟರು.

ಜೀಪಿನ ಧೂಳು ಅಡಗಿದರೂ ಒಬ್ಬಳೂ ಮನೆಗೆ ಹೋಗಲಿಲ್ಲ. ಒಲೆ ಹಚ್ಚುವ ಹೊತ್ತು ಮೀರುತ್ತಿತ್ತು.

“ಕರ್ದ್ಬುಟ್ನಲ್ಲೇ ಚೆಲ್ವೀ,” ಎಂದಳು ಮಲ್ಲಾಜಮ್ಮ. “ಈಗ ಎದ್ ಬಂದ್ರೆ, ತಿರ್ಗ ಎಂಗ್ ಮಲಗ್ಸ್ಲೇ?”

ಚೆಲುವಮ್ಮ ಎರಡೂ ಕೈಯಿಂದ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು. ಅದು ಬಿಟ್ಟ ತೂತಿನ ಮೇಲೆ ಸೆರಗು ಹಾಸಿ, ಕೂಸನ್ನು ಮಲಗಿಸುವವಳ ಹಾಗೆ ಮಗ್ಗುಲಾಗಿ ಮಲಗಿಕೊಂಡಳು.