ಮಂತ್ರಿಯ ಎರಡನೇ ಸಾವು

2012ರ ನವೆಂಬರ್ 18, ಭಾನುವಾರ, ಸಂಜೆ 6 ಗಂಟೆ 40 ನಿಮಿಷ. ಪೀಣ್ಯದಲ್ಲಿ ನಮ್ಮ ಕಾರ್ಖಾನೆಯ ಅಂಗಳದಲ್ಲಿ ರಾಜ್ಯೋತ್ಸವದ ನಾಟಕ ನಡೆದಿತ್ತು. ರಾಜಕುಮಾರನ ಕತ್ತಿಯೇಟಿಗೆ ದುಷ್ಟ ಮಂತ್ರಿ ಸತ್ತುಬಿದ್ದ. ಜನ ಸುಮ್ಮನಾಗಲಿಲ್ಲ.

"ಒನ್ಸ್ ಮೋರ್! ಮುನಿಯಣ್ಣ, ಇನ್ನೊಂದ್ ಸಲ ಸಾಯಣ್ಣೋ!"

ಮಂತ್ರಿಯ ಪಾತ್ರ ಮಾಡಿದ್ದವರು ಮಾಕಳಿಯ ಮುನಿಯಣ್ಣ, ನಮ್ಮ ಲೇತ್ ಆಪರೇಟರ್. ಮಂತ್ರಿ ರಾಜನಿಗೆ ವಿಷವಿಕ್ಕಿದ್ದ, ರಾಣಿಯನ್ನು ಸೆರೆಗೆ ತಳ್ಳಿದ್ದ. ಆದರೂ ಎರಡು ತಾಸಿನಿಂದ ಶಿಳ್ಳೆಯೆಲ್ಲ ಅವನಿಗೇ. ಒನ್ಸ್ ಮೋರ್ ಅಂದರೆ ಸತ್ತವನೂ ಎದ್ದು, ಕೊನೆಯ ಹಾಡು ಹಾಡಿ, ಮತ್ತೆ ಸಾಯಬೇಕು. ನಾಟಕದ ರೂಢಿ ಅದು.

ಮಾತು ಎತ್ತಿಕೊಡಲು ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಮುನಿಯಣ್ಣ ಏಳುವಾಗ ಅವರ ಕೊರಳಿನ ಚೆಂಡುಹೂವಿನ ಹಾರ ನನ್ನ ಕಾಲ ಬಳಿ ಜಾರಿತು. ಎತ್ತಿಕೊಂಡು ನೋಡಿದೆ. ದಾರ ಎಳೆದು ಹರಿದಂತಿರಲಿಲ್ಲ, ಬ್ಲೇಡಿನಲ್ಲಿ ಕೊಯ್ದಂತಿತ್ತು. ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಏಳು ವರ್ಷ ಕಳೆದವಳಿಗೆ ಅಷ್ಟು ಗೊತ್ತಾಗುತ್ತದೆ.

"ಗಂಗಪ್ಪ, ಕತ್ತಿ ಮೊಂಡಾಗಿ ತಾನೆ ಮಾಡಿದ್ದು?"

ಪರದೆ ಎಳೆಯಲು ನನ್ನ ಪಕ್ಕ ನಿಂತಿದ್ದ ಗಂಗಪ್ಪ ಗ್ರೈಂಡಿಂಗ್ ಮಾಡುವವನು; ನಾಟಕದ ಕತ್ತಿ ಮಾಡಿದ್ದೂ ಅವನೇ. "ಮೊಂಡಾಗೇ ಇತ್ತು ಮೇಡಂ. ಅಂಗೇ ಬಿಟ್ರೆ ನಮ್ ಶಾಪಿನ ಮರ್ಯಾದೆ ಏನಾಗ್ತದೆ? ಬೆಳಿಗ್ಗೆ ನಾನೇ ಸಾಣೆ ಹಿಡಿದು ಫಿನಿಶಿಂಗ್ ಕೊಟ್ಟೆ."

ಹಾರ್ಮೋನಿಯಂ ಶುರುವಾಗಿತ್ತು. ರಾಜಕುಮಾರನಾಗಿದ್ದ ಸ್ಟೋರ್ಸಿನ ರಾಜೇಂದ್ರ ಆಗಲೇ ಕತ್ತಿ ಎತ್ತಿದ್ದ. ಸಂಜೆಯಿಡೀ ಅವನಿಗೆ ಒಂದು ಚಪ್ಪಾಳೆಯೂ ಬಿದ್ದಿರಲಿಲ್ಲ. ಈ ಸಲ ಜೋರಾಗಿಯೇ ಬೀಸುತ್ತಾನೆ.

"ಮುನಿಯಣ್ಣಾ, ಕತ್ತಿ ಚೂಪಿದೆ!"

ಶಿಳ್ಳೆಗಳ ನಡುವೆ ರಾಜೇಂದ್ರನಿಗೆ ಕೇಳಿಸಲಿಲ್ಲ. ನನ್ನ ಹತ್ತಿರವಿದ್ದ ಮುನಿಯಣ್ಣನವರಿಗೆ ಕೇಳಿಸಿತು. ಹಾಡು ನಿಂತಿತು. ಓಡಿಹೋಗುತ್ತಾರೆ ಅಂದುಕೊಂಡೆ. ಅವರು ನಕ್ಕರು, ಮಂತ್ರಿಯ ನಗು.

"ಏನಯ್ಯಾ ರಾಜಕುಮಾರ, ಈ ಮುದುಕನನ್ನು ಕೊಲ್ಲಲು ನಿನಗೆ ಕಬ್ಬಿಣ ಬೇಕೇ? ಅದನ್ನು ನೆಲಕ್ಕಿಟ್ಟು ಬರಿಗೈಯಲ್ಲಿ ಬಾ!"

ಈ ಮಾತು ಪುಸ್ತಕದಲ್ಲಿರಲಿಲ್ಲ. ರಾಜೇಂದ್ರ ನನ್ನತ್ತ ನೋಡಿದ. ಕತ್ತಿ ಮೇಲೆಯೇ ಇತ್ತು.

"ಇಡೋ ಮಗಾ, ಗಂಡಸಾದ್ರೆ ಕೆಳಗಿಡೋ!" ಎಂದು ಯಾರೋ ಕೂಗಿದರು. ಇಡೀ ಅಂಗಳ ಅದನ್ನೇ ಕೂಗತೊಡಗಿತು. ರಾಜೇಂದ್ರ ಹಲ್ಲು ಕಚ್ಚಿ ಕತ್ತಿಯನ್ನು ಕೆಳಗಿಟ್ಟ. ಮಂತ್ರಿ ಅದನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ಜನರತ್ತ ತಿರುಗಿ ಮೀಸೆ ತಿರುವಿದ. ಅಂಗಳ ಎದ್ದು ನಿಂತಿತು. ನಾವು ಪರದೆ ಎಳೆದೆವು.

ಒಳಗೆ ಮುನಿಯಣ್ಣ ಪೆಟ್ಟಿಗೆಯ ಮೇಲೆ ಕುಸಿದರು. "ಭುಜಕೀರ್ತಿ ಬಿಚ್ಚವ್ವಾ, ಹಿಂದಿನ ಗಂಟು ನಂಗೆ ಸಿಗ್ತಿಲ್ಲ."

ಬಿಚ್ಚಿದೆ. ಮೊದಲ ಏಟು ಭುಜದ ಮೇಲೆ, ಕೊರಳಿನ ಪಕ್ಕದಲ್ಲೇ ಕಟ್ಟಿದ್ದ ಆ ಮರದ ತುಂಡಿಗೆ ಬಿದ್ದಿತ್ತು. ವರ್ನಿಯರ್ ತರಿಸಿ ಅಳೆದೆ. ಕತ್ತಿ ಇಳಿದಿದ್ದ ಆಳ 8.4 ಮಿಲಿಮೀಟರ್.