ಒಂದೇ ಹಗ್ಗದ ಮನೆ

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಗಂಡನ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದಾಗ ಅವನ ಫೋನ್ ಬಡಿದುಕೊಂಡಿತು. ಅವನು ತುದಿ ಬಿಟ್ಟು ಓಡಿದ. ನೀರು ತುಂಬಿದ ಬಟ್ಟೆಯ ಭಾರವೆಲ್ಲ ಅವಳ ಕೈಗೇ ಬಂತು.

“ಬ್ರೋಕರ್ ಕಣೇ. ಈಗಲೇ ಬರ್ತಾನಂತೆ. ನಾವು ನೋಡ್ಕೊಂಡು ಬಂದ ಫ್ಲ್ಯಾಟಿಗೆ ಬೇರೆ ಗಿರಾಕಿ ಬಂದಿದಾರಂತೆ. ಮುಂಗಡ ಇವತ್ತೇ ಕೊಡ್ಬೇಕು.”

ಗಂಡ ಲಿಫ್ಟ್ ಮೆಕ್ಯಾನಿಕ್. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಮುಂಗಡಕ್ಕೆ ಇಷ್ಟು ವರ್ಷದ ಉಳಿತಾಯವೆಲ್ಲ ಹೋಗುತ್ತದೆ. ಆಮೇಲೆ ಸಂಬಳದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ. ಒಂದು ಪ್ರಶ್ನೆ ಅವಳೊಳಗೆ ಎಷ್ಟೋ ದಿನದಿಂದ ಕುದಿಯುತ್ತಿತ್ತು. ಆದರೆ ಹೊಸ ಮನೆಯ ಖುಷಿಯಲ್ಲಿರುವ ಗಂಡನ ಮುಂದೆ ಅಂಥ ಮಾತು ಆಡುವುದು ಹೇಗೆ?

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಇಸ್ತ್ರಿ ಪೆಟ್ಟಿಗೆ ವಾಪಸು ಕೊಡಲು ಬಂದರು. ಅವರಿಗೆ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ. ಸುದ್ದಿ ಕೇಳಿ ಕುರ್ಚಿ ಎಳೆದು ಕೂತೇಬಿಟ್ಟರು.

“ಸಂತೋಷ ಕಣಪ್ಪ. ಕಂತು ಕಟ್ಟಿ ಅಭ್ಯಾಸ ಮಾಡ್ಕೊಂಡಿದೀಯಾ?”

“ಮನೆ ತಗೊಳ್ದೇ ಕಂತಾ? ಮದುವೆಗೆ ಮುಂಚೇನೇ ಹೆಂಡ್ತಿ ಹತ್ರ ಬೈಸ್ಕೊಂಡ ಹಾಗಾಯ್ತಲ್ಲಕ್ಕಾ!”

“ನಗು, ನಗು. ಮುಂದೆ ಬರೋ ಕಂತಿನಲ್ಲಿ ಈಗಿನ ಬಾಡಿಗೆ ಕಳಿ. ಮಿಕ್ಕಿದ್ದನ್ನ ಸಂಬಳದ ದಿನವೇ ಬೇರೆ ಖಾತೆಗೆ ಹಾಕು. ಆರು ತಿಂಗಳು ಉಳಿದ ದುಡ್ಡಲ್ಲಿ ಮನೆ ನಡೆಸಿ ನೋಡಿ. ನಡೆದ್ರೆ ಆ ದುಡ್ಡು ಕಷ್ಟಕಾಲಕ್ಕೆ ಆಗತ್ತೆ. ನಡೀದಿದ್ರೆ ಇನ್ನೂ ಚಿಕ್ಕ ಮನೆ ನೋಡಿ. ಕೂಡಿಟ್ಟಿದ್ದೆಲ್ಲ ಮುಂಗಡಕ್ಕೆ ಸುರೀಬೇಡ. ನಿಂಗೇನಾದ್ರೂ ಆದ್ರೆ ಸಾಲ ತೀರೋ ಹಾಗೆ ವಿಮೆ ಮಾಡ್ಸು. ಮನೆ ಪತ್ರದಲ್ಲಿ ಇವಳ ಹೆಸರೂ ಇರ್ಲಿ.”

ಅವನು ಮುಖ ಗಂಟಿಕ್ಕಿದ. “ಒಳ್ಳೆ ಕೆಲಸಕ್ಕೆ ಹೊರಟಾಗ ವಿಮೆ ಗಿಮೆ ಅಂತ ಯಾಕಕ್ಕಾ? ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಆ ಫ್ಲ್ಯಾಟ್ ನನಗೋಸ್ಕರ ಆರು ತಿಂಗಳು ಕಾಯ್ತಾ ಕೂತಿರತ್ತಾ?”

“ಅದು ಕಾಯಲ್ಲ. ಊರಲ್ಲಿ ಬೇರೆ ಫ್ಲ್ಯಾಟೇ ಇಲ್ವಾ?”

ಕೆಳಗೆ ಸ್ಕೂಟರ್ ನಿಂತ ಸದ್ದು. ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಅವನು ಚೆಕ್ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದ. ಹೆಂಡತಿ ಏನೋ ಕೇಳಲು ಹೋಗಿ, ಬೆಡ್‌ಶೀಟನ್ನೇ ಮತ್ತೆ ಹಿಂಡತೊಡಗಿದಳು.

ಮೂಲೆಯಲ್ಲಿ ಅಪ್ಪನ ರಿಪೇರಿ ಸಾಮಾನಿನ ಚೀಲದ ಮೇಲೆ ಮಗಳು ಕೂತಿದ್ದಳು. ಬಾಯಿಗೆ ಬಿಡುವೇ ಇಲ್ಲದ ಅವಳಿಗೆ ಮನೆಯಲ್ಲಿ ಚಿನಕುರಳಿ ಅಂತಲೇ ಹೆಸರು. ಇಷ್ಟು ಹೊತ್ತು ದೊಡ್ಡವರ ಮಾತಿಗೆಲ್ಲ ಕಿವಿ ಕೊಟ್ಟಿದ್ದಳು. ಈಗ ಎದ್ದು ಬಂದು ಅಪ್ಪನ ತೋಳು ಹಿಡಿದಳು.

“ಅಪ್ಪಾ, ಲಿಫ್ಟಿಗೆ ಒಂದೇ ಹಗ್ಗ ಯಾಕೆ ಹಾಕಲ್ಲ?”

“ಒಂದು ಹೋದ್ರೆ ಮಿಕ್ಕಿದ್ದು ಹಿಡ್ಕೊಳ್ಳಲಿ ಅಂತ. ಎಷ್ಟು ಸಲ ಹೇಳಿಲ್ಲ ನಿಂಗೆ? ಒಂದೇ ಹಗ್ಗದ ಲಿಫ್ಟಿಗೆ ನಾನು ಯಾರನ್ನೂ ಹತ್ತಿಸಲ್ಲ.”

“ಆ ಮನೆಗೆ ನೀನೊಬ್ಬನೇ ಹಗ್ಗ ಅಲ್ವಾ? ನಿಂಗೆ ಹುಷಾರಿಲ್ದೇ ಹೋದ್ರೆ ನಮ್ಮನ್ನ ಯಾರು ಹಿಡ್ಕೋತಾರೆ?”

ಬಾಗಿಲು ಬಡಿದ ಸದ್ದಾಯಿತು. ಅವನು ಮಗಳನ್ನೇ ನೋಡಿದ, ಹೆಂಡತಿಯನ್ನು ನೋಡಿದ. ಅವಳ ಕಣ್ಣಲ್ಲೂ ಅದೇ ಪ್ರಶ್ನೆಯಿತ್ತು. ಪೆನ್ನಿಗೆ ಮುಚ್ಚಳ ಹಾಕಿ ಬಾಗಿಲು ತೆರೆದ.

“ಇವತ್ತು ಆಗಲ್ಲ ಸ್ವಾಮಿ. ಗಿರಾಕಿ ಇದ್ರೆ ಕೊಟ್ಬಿಡಿ. ನಾವು ಮೊದಲು ಇನ್ನೊಂದು ಹಗ್ಗ ಕಟ್ಟಬೇಕು.”

ಬ್ರೋಕರ್ ಏನೂ ತಿಳಿಯದೆ ಇಳಿದುಹೋದ. “ಅಕ್ಕಾ, ಆ ಬೇರೆ ಖಾತೆ ನಾಳೇನೇ ತೆಗೀತೀನಿ” ಎನ್ನುತ್ತ ಗಂಡ ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದ.

ನಿಮ್ಮ ಮನೆಯಲ್ಲೂ ದುಡಿಯುವವರು ಒಬ್ಬರೇ ಇದ್ದಾರೆಯೇ? ಸ್ವಂತ ಮನೆಯ ಆಸೆ ಬಿಡಬೇಡಿ. ಆದರೆ ಮುಂಗಡ ಕೊಡುವ ಮೊದಲು ಎದುರುಬದುರು ಕೂತು, ಈ ದುಡಿಮೆ ನಿಂತರೆ ಏನು ಗತಿ ಎಂದು ಬಾಯಿಬಿಟ್ಟು ಕೇಳಿ. ಅದು ಅಪಶಕುನವಲ್ಲ, ಅಕ್ಕರೆ. ಮಗು ಕೇಳುವ ತನಕ ಕಾಯಬೇಡಿ.